ತೊಡೆಯಿಂದ ಮೆದುಳಿಗೆ: ಒಂದು ತಂತಿ ನಡೆದ ದಾರಿ

ನಮ್ಮ ಓಣಿಯ ಅಕ್ಕ ಒಬ್ಬರು ಕಳೆದ ಸುಗ್ಗಿಯಲ್ಲಿ ಮನೆ ಮುಂದೆ ಮೆಕ್ಕೆಜೋಳ ಹರವುತ್ತಿದ್ದರು. ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕೂತುಬಿಟ್ಟರು. "ಯಾರೋ ಹಿಂದಿನಿಂದ ಕೊಡಲಿ ಕಾವಿನಲ್ಲಿ ಹೊಡೆದಂಗಾತು" ಎಂದರಂತೆ. ವಾಂತಿಯಾಯಿತು. ಬಿಸಿಲಿನ ಝಳ ಇರಬೇಕು ಎಂದರು ಒಬ್ಬರು, ಗ್ಯಾಸು ತಲೆಗೇರಿದೆ ಎಂದರು ಇನ್ನೊಬ್ಬರು. ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿ ಕಳಿಸಿದರು.

ಮರುದಿನ ಬೆಳಿಗ್ಗೆ ಅಕ್ಕನ ಎಡಗಣ್ಣಿನ ರೆಪ್ಪೆ ಇಳಿದುಬಿದ್ದಿತ್ತು. ಕುತ್ತಿಗೆ ಮುಂದಕ್ಕೆ ಬಗ್ಗುತ್ತಿರಲಿಲ್ಲ. ಆಗ ಮನೆಯವರು ಗಾಬರಿಯಾಗಿ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದರು. ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಸುತ್ತ ರಕ್ತ. ಆ ರಾತ್ರಿಯೇ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ. ಎರಡು ವಾರ ಕಳೆದು ಅಕ್ಕ ನಡೆದುಕೊಂಡೇ ಮನೆಗೆ ಬಂದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ದಿನ ಅಕ್ಕನ ಮಾವ ನಮ್ಮನ್ನು ಕಟ್ಟೆ ಹತ್ತಿರ ತಡೆದು ನಿಲ್ಲಿಸಿದರು. "ನೀವು ಪೇಪರ್‌ನೋರು, ನೀವೇ ಹೇಳ್ರಿ. ತಲೆ ಒಳಗೆ ಆಪರೇಷನ್ ಅಂದ್ರು. ತಲೆ ಮೇಲೆ ಒಂದು ಗೀರಾದ್ರೂ ಐತಾ? ಕೂದಲು ಸೈತ ಬೋಳಿಸಿಲ್ಲ. ತೊಡೆ ಹತ್ರ ಸೂಜಿ ಚುಚ್ಚಿದಷ್ಟು ಗುರುತಂತೆ, ಅಷ್ಟೇ. ಏನೂ ಮಾಡ್ದೆ ದುಡ್ಡು ಹೊಡ್ದಾರೆ" ಎಂದರು. ಅಷ್ಟೇ ಅಲ್ಲ, ಗಾಯವೇ ಇಲ್ಲದ ಮೇಲೆ ಮಾತ್ರೆ ಯಾಕೆ ಎಂದು ನಾಲ್ಕು ದಿನದಿಂದ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದರು.

ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಚೀಟಿ ತರಿಸಿ ನೋಡಿದೆವು. 'ಅನ್ಯೂರಿಸಂ', 'ಸ್ಟೆಂಟ್', 'ಕಾಯಿಲ್' ಎಂಬ ಮೂರು ಪದ ಅದರಲ್ಲಿದ್ದವು. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಆ ಕಡೆಯ ಡಾಕ್ಟರು ಮಾತ್ರೆ ನಿಲ್ಲಿಸಿದ್ದು ಕೇಳಿ ಬೈದೇ ಬೈದರು. ಈ ಕ್ಷಣ ಕೊಡಿ, ನಾಳೆಯೇ ಕರೆದುಕೊಂಡು ಬನ್ನಿ ಎಂದರು.

ತಲೆ ಕೊಯ್ಯದೆ ತಲೆಯೊಳಗಿನ ಆಪರೇಷನ್ ಹೇಗೆ ಸಾಧ್ಯ? ಮಾವನ ಪ್ರಶ್ನೆ ದಡ್ಡತನದ್ದಲ್ಲ. ಡಾಕ್ಟರುಗಳೇ ಈ ದಾರಿ ಹುಡುಕಲು ನೂರಾರು ವರ್ಷ ತೆಗೆದುಕೊಂಡರು. ಆ ಹುಡುಕಾಟದ ಕಥೆ ಇದು.

ಟ್ಯೂಬಿನ ಉಬ್ಬು

ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ಹಾಕುವಾಗ ಒಂದು ಕಡೆ ರಬ್ಬರ್ ತೆಳುವಾಗಿದ್ದರೆ ಅಲ್ಲಿ ಗುಳ್ಳೆಯಂತೆ ಉಬ್ಬಿಕೊಳ್ಳುತ್ತದೆ. ರಕ್ತನಾಳದಲ್ಲಿ ಹಾಗೆ ಆಗುವ ಉಬ್ಬಿಗೆ ಅನ್ಯೂರಿಸಂ ಎನ್ನುತ್ತಾರೆ. ಮೆದುಳಿನ ತಳದಲ್ಲಿ ದೊಡ್ಡ ರಕ್ತನಾಳಗಳು ಉಂಗುರದಂತೆ ಕೂಡಿಕೊಂಡು ಅಲ್ಲಿಂದ ಕವಲೊಡೆಯುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1664ರಲ್ಲಿ ಈ ಉಂಗುರವನ್ನು ಚಿತ್ರ ಸಮೇತ ವಿವರಿಸಿದ. ಅದಕ್ಕೆ ಇಂದಿಗೂ ಅವನದೇ ಹೆಸರು. ಡ್ರಿಪ್ ಪೈಪು ಜಾಯಿಂಟಿನಲ್ಲಿ ಸೋರುವಂತೆ, ಉಬ್ಬು ಏಳುವುದೂ ಹೆಚ್ಚಾಗಿ ಕವಲೊಡೆಯುವ ಜಾಗದಲ್ಲೇ. ರಕ್ತದ ಹೊಡೆತ ಅಲ್ಲೇ ಹೆಚ್ಚು.

ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥ ಉಬ್ಬು ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಓದಿ ಹೆದರಬೇಡಿ. ಬಹುಪಾಲು ಉಬ್ಬುಗಳು ಒಡೆಯುವುದೇ ಇಲ್ಲ. ಇದ್ದದ್ದು ಗೊತ್ತೂ ಆಗುವುದಿಲ್ಲ. ಒಡೆದರೆ ಮಾತ್ರ ದೊಡ್ಡ ಅನಾಹುತ. ಒಮ್ಮೆ ಒಡೆದು, ರಕ್ತ ಹೆಪ್ಪುಗಟ್ಟಿ ತೂತು ತಾನಾಗಿ ಮುಚ್ಚಿಕೊಂಡರೂ ಅದು ಗಟ್ಟಿ ಮುಚ್ಚಳವಲ್ಲ. ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಯಲ್ಲೇ ಎಲ್ಲಕ್ಕಿಂತ ಹೆಚ್ಚು. ಎರಡನೆಯ ಸಲ ಒಡೆದರೆ ಉಳಿಯುವವರು ಕಡಿಮೆ. ಆ ಎರಡನೇ ಒಡೆತವನ್ನು ತಡೆಯುವುದು ಹೇಗೆ ಎಂಬುದೇ ಮುಂದೆ ಬರುವ ಎಲ್ಲ ಡಾಕ್ಟರುಗಳ ಚಿಂತೆಯಾಗಿತ್ತು.

ಕಬ್ಬಿಣ, ಬೆಳ್ಳಿ, ಹಂದಿಕೂದಲು

ಉಬ್ಬಿನೊಳಗೆ ಏನಾದರೂ ತುಂಬಿಸಿ ರಕ್ತ ಹೆಪ್ಪುಗಟ್ಟಿಸಿಬಿಟ್ಟರೆ? ಈ ಯೋಚನೆ ಬಹಳ ಹಳೆಯದು. 1864ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಮೂರ್ ಎಂಬ ಸರ್ಜನ್ ಒಬ್ಬ ರೋಗಿಯ ಎದೆಯ ದೊಡ್ಡ ರಕ್ತನಾಳದ ಉಬ್ಬಿಗೆ 26 ಗಜ ಕಬ್ಬಿಣದ ತಂತಿ ತುರುಕಿದರು. ರಕ್ತ ಹೆಪ್ಪುಗಟ್ಟಿತು, ಆದರೆ ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡ.

1941ರಲ್ಲಿ ಅಮೆರಿಕದ ಡಾಕ್ಟರುಗಳು ಒಬ್ಬ ರೋಗಿಯ ಕಣ್ಣಿನ ಗೂಡಿನ ಮೂಲಕ ತಲೆಯೊಳಗಿನ ಉಬ್ಬಿಗೆ 30 ಅಡಿ ಬೆಳ್ಳಿ ತಂತಿ ತೂರಿಸಿ, ಕರೆಂಟ್ ಹರಿಸಿ ಕಾಯಿಸಿದರು. 1963ರಲ್ಲಿ ಗ್ಯಾಲಗರ್ ಎಂಬ ಇನ್ನೊಬ್ಬ ಅಮೆರಿಕನ್ ಸರ್ಜನ್ ಹಂದಿ ಮತ್ತು ಕುದುರೆಯ ಕೂದಲಿನ ತುಂಡುಗಳನ್ನು ಗಾಳಿ ಬಂದೂಕಿನಂಥ ಸಾಧನದಿಂದ ಉಬ್ಬಿನೊಳಗೆ ಹೊಡೆದ ವರದಿ ಪ್ರಕಟಿಸಿದ. ಇಂದು ಕೇಳಿದರೆ ನಗು ಬರಬಹುದು. ಆದರೆ ಲೆಕ್ಕ ತಪ್ಪಿರಲಿಲ್ಲ. ಒರಟಾದ ಏನಾದರೂ ಉಬ್ಬಿನೊಳಗಿದ್ದರೆ ರಕ್ತ ಅದರ ಸುತ್ತ ಹೆಪ್ಪುಗಟ್ಟುತ್ತದೆ. ಯಾವುದನ್ನು ತುಂಬಿಸಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ತಲೆ ತೆರೆದವರು

ಹಾಗಾಗಿ ಮೊದಲು ತೆರೆದುಕೊಂಡದ್ದು ಹೊರಗಿನ ದಾರಿ, ಅಂದರೆ ತಲೆಬುರುಡೆ ತೆರೆಯುವುದು.

1931ರ ಏಪ್ರಿಲ್. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ. ಒಬ್ಬ ವಕೀಲರಿಗೆ ಮೆದುಳಿನ ಉಬ್ಬು ಒಡೆದಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಗಿತ್ತು. ಸುಮ್ಮನೆ ಮಲಗಿಸಿದರೆ ಸಾವು ಖಚಿತ. ನಾರ್ಮನ್ ಡಾಟ್ ಎಂಬ ಸರ್ಜನ್ ಆಗ ಯಾರೂ ಮಾಡದ ಧೈರ್ಯ ಮಾಡಿದರು. ಸ್ಕ್ಯಾನ್ ಇಲ್ಲದ ಕಾಲ. ಲಕ್ಷಣ ನೋಡಿಯೇ ಜಾಗ ಅಂದಾಜು ಮಾಡಿ ತಲೆಬುರುಡೆ ತೆರೆದರು. ಹೆಪ್ಪುಗಟ್ಟಿದ ರಕ್ತ ತೆಗೆಯುತ್ತಿದ್ದಂತೆ ಉಬ್ಬು ಕಣ್ಣೆದುರೇ ಚಿಮ್ಮತೊಡಗಿತು. ಜೊತೆಯ ಡಾಕ್ಟರು ರೋಗಿಯ ಕಾಲಿನಿಂದ ಒಂದು ತುಂಡು ಮಾಂಸಖಂಡ ಕತ್ತರಿಸಿ ಕೊಟ್ಟರು. ಡಾಟ್ ಅದನ್ನು ಚಿಮಟದಲ್ಲಿ ಹಿಡಿದು 12 ನಿಮಿಷ ಒತ್ತಿ ನಿಂತರು. ರಕ್ತ ನಿಂತಿತು. ಆ ಮಾಂಸವನ್ನೇ ಉಬ್ಬಿನ ಸುತ್ತ ಸುತ್ತಿ ಭದ್ರ ಮಾಡಿದರು. ಟ್ಯೂಬಿಗೆ ಪ್ಯಾಚ್ ಹಾಕಿದ ಹಾಗೆ. ಆ ವಕೀಲರು ಮತ್ತೆ 10 ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಆರು ವರ್ಷದ ನಂತರ, 1937ರ ಮಾರ್ಚ್ 23ರಂದು, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಇನ್ನೊಂದು ಹೆಜ್ಜೆ ಇಟ್ಟರು. 43 ವರ್ಷದ ರೋಗಿಗೆ ಕಣ್ಣಿನ ರೆಪ್ಪೆ ಇಳಿದಿತ್ತು, ನಮ್ಮ ಓಣಿಯ ಅಕ್ಕನಿಗೆ ಆದ ಹಾಗೆಯೇ. ಕಣ್ಣಿಗೆ ಹೋಗುವ ನರವನ್ನು ಉಬ್ಬು ಒತ್ತಿದರೆ ಹೀಗಾಗುತ್ತದೆ. ಡ್ಯಾಂಡಿ ಉಬ್ಬಿನ ಕುತ್ತಿಗೆಗೆ, ಅಂದರೆ ಉಬ್ಬು ರಕ್ತನಾಳಕ್ಕೆ ಅಂಟಿಕೊಂಡ ಜಾಗಕ್ಕೆ, ಒಂದು ಪುಟ್ಟ ಬೆಳ್ಳಿ ಕ್ಲಿಪ್ ಹಾಕಿ ಬಿಗಿದರು. ತೂತಾದ ಗೋಣಿಚೀಲದ ಮೂಲೆಯನ್ನು ಗಂಟು ಹಾಕಿದ ಹಾಗೆ. ಉಬ್ಬಿಗೆ ರಕ್ತ ಹೋಗುವುದು ನಿಂತಿತು, ಮೂಲ ನಾಳ ಹರಿಯುತ್ತಲೇ ಇತ್ತು. ರೋಗಿ ಗುಣಮುಖನಾದ.

ಆ ಕ್ಲಿಪ್ ವಿಧಾನ ಇಂದಿಗೂ ಇದೆ. 1967ರ ನಂತರ ಟರ್ಕಿ ಮೂಲದ ಗಾಜಿ ಯಾಸರ್ಗಿಲ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಈ ಆಪರೇಷನ್ ಮಾಡುವುದನ್ನು ಜಗತ್ತಿಗೆ ಕಲಿಸಿದರು. ಸಾವುಗಳು ಕಡಿಮೆಯಾದವು. ಆದರೂ ತಲೆಬುರುಡೆ ತೆರೆದು, ಮೆದುಳನ್ನು ಸರಿಸಿಯೇ ಆ ಜಾಗ ತಲುಪಬೇಕಿತ್ತು. ರಕ್ತ ಹರಿದು ಊದಿಕೊಂಡ ಮೆದುಳನ್ನು ಮುಟ್ಟುವುದೇ ಕಷ್ಟ.

ಕತ್ತಲಲ್ಲಿ ದೀಪ

ಈ ನಡುವೆ ಇನ್ನೊಂದು ಕಡೆ ಇನ್ನೊಂದು ಕೆಲಸ ನಡೆದಿತ್ತು. ಮೆದುಳಿನ ರಕ್ತನಾಳವನ್ನು ತೆರೆಯದೆಯೇ ಕಣ್ಣಿಗೆ ಕಾಣಿಸುವ ಕೆಲಸ.

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಎಗಾಸ್ ಮೋನಿಜ್ ಎಂಬ ನರರೋಗ ವೈದ್ಯ ಇದ್ದರು. ರಾಜಕಾರಣಿಯೂ ಹೌದು, ವಿದೇಶಾಂಗ ಮಂತ್ರಿಯೂ ಆಗಿದ್ದವರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಎಕ್ಸ್‌ರೇಗೆ ಕಾಣುವ ದ್ರವವನ್ನು ಕುತ್ತಿಗೆಯ ರಕ್ತನಾಳಕ್ಕೆ ಬಿಟ್ಟು, ಅದು ಮೆದುಳಿಗೆ ಹರಿಯುವಾಗಲೇ ಚಿತ್ರ ತೆಗೆದರೆ? ಮೋನಿಜ್ ಅವರ ಕೈಗೆ ಕೀಲುವಾತ ಇದ್ದುದರಿಂದ ಸೂಜಿ ಹಿಡಿಯುವ ಕೆಲಸ ಅವರ ಜೊತೆಗಾರ ಅಲ್ಮೇಡಾ ಲಿಮಾ ಅವರದು. ಮೊದಲ ಪ್ರಯತ್ನಗಳಲ್ಲಿ ಒಬ್ಬ ರೋಗಿ ತೀರಿಯೂ ಹೋದ. 1927ರ ಜೂನ್ ಕೊನೆಯಲ್ಲಿ ಮೊದಲ ಬಾರಿಗೆ ಬದುಕಿರುವ ಮನುಷ್ಯನ ಮೆದುಳಿನ ರಕ್ತನಾಳಗಳು ಎಕ್ಸ್‌ರೇ ಫಿಲ್ಮಿನ ಮೇಲೆ ಮರದ ಕೊಂಬೆಗಳಂತೆ ಮೂಡಿದವು. ಹೃದಯಕ್ಕೆ ಮಾಡುವ ಆಂಜಿಯೋಗ್ರಾಂ ಹೆಸರು ನಮಗೆಲ್ಲ ಗೊತ್ತು. ಮೆದುಳಿನ ಆಂಜಿಯೋಗ್ರಾಂ ಹುಟ್ಟಿದ್ದು ಹೀಗೆ.

ಇನ್ನು ತೊಡೆಯ ವಿಷಯ. ಕುತ್ತಿಗೆಗೇ ಸೂಜಿ ಚುಚ್ಚುವುದು ಅಪಾಯದ ಕೆಲಸ. 1953ರಲ್ಲಿ ಸ್ವೀಡನ್ನಿನ ಯುವ ಎಕ್ಸ್‌ರೇ ವೈದ್ಯ ಸ್ವೆನ್ ಈವಾರ್ ಸೆಲ್ಡಿಂಗರ್ ಒಂದು ಸುಲಭ ಉಪಾಯ ಪ್ರಕಟಿಸಿದರು. ಮೊದಲು ರಕ್ತನಾಳಕ್ಕೆ ಸೂಜಿ ಚುಚ್ಚಿ. ಸೂಜಿಯೊಳಗಿಂದ ಬಾಗುವ ತೆಳು ತಂತಿ ತೂರಿಸಿ. ತಂತಿ ಅಲ್ಲೇ ಬಿಟ್ಟು ಸೂಜಿ ಹೊರತೆಗೆಯಿರಿ. ಈಗ ತಂತಿಯ ಮೇಲೆ ನಳಿಕೆಯನ್ನು ಪೋಣಿಸಿ ಒಳಕ್ಕೆ ಜಾರಿಸಿ. ಕೊನೆಗೆ ತಂತಿ ತೆಗೆಯಿರಿ. ಲಂಗದ ನೇಫೆಗೆ ಲಾಡಿ ಪೋಣಿಸುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಇದಕ್ಕೆ ಕತ್ತಿ ಬೇಡ, ಹೊಲಿಗೆ ಬೇಡ.

ತೊಡೆಯ ಸಂದಿಯಲ್ಲಿ ದೊಡ್ಡ ರಕ್ತನಾಳ ಚರ್ಮಕ್ಕೆ ಹತ್ತಿರವೇ ಇದೆ, ಕೈಗೆ ಮಿಡಿತ ಸಿಗುತ್ತದೆ. ಅಲ್ಲಿಂದ ಹೊಟ್ಟೆ, ಎದೆ, ಕುತ್ತಿಗೆ ದಾಟಿ ಮೆದುಳಿನವರೆಗೂ ಒಂದೇ ಹೆದ್ದಾರಿ. ಮಾವ ಹೇಳಿದ 'ಸೂಜಿ ಚುಚ್ಚಿದಷ್ಟು ಗುರುತು' ಆ ಹೆದ್ದಾರಿಯ ಗೇಟು. ಈಗ ಕೆಲವರಿಗೆ ಮಣಿಕಟ್ಟಿನ ರಕ್ತನಾಳದಿಂದಲೂ ಹೋಗುತ್ತಾರೆ.

ಬಲೂನು ಕಂಡ ಡಾಕ್ಟರು

ದಾರಿ ಸಿಕ್ಕಿತು. ಒಳಗೆ ಹೋಗಿ ಮಾಡುವುದೇನು? ಉತ್ತರ ಮಾಸ್ಕೋದಿಂದ ಬಂತು.

ಫ್ಯೋದರ್ ಸೆರ್ಬಿನೆಂಕೋ ಮಾಸ್ಕೋದ ಬುರ್ದೆಂಕೋ ನರಶಸ್ತ್ರಚಿಕಿತ್ಸಾ ಸಂಸ್ಥೆಯ ವೈದ್ಯರು. 1959ರ ಮೇ ದಿನದ ಉತ್ಸವದಲ್ಲಿ ಮಕ್ಕಳು ದಾರ ಹಿಡಿದು ಬಲೂನು ಆಡಿಸುತ್ತಿದ್ದುದನ್ನು ಕಂಡು ಅವರಿಗೆ ಹೊಳೆಯಿತಂತೆ. ರಕ್ತನಾಳದೊಳಗೂ ಹೀಗೊಂದು ಬಲೂನನ್ನು ನಡೆಸಿಕೊಂಡು ಹೋಗಬಹುದಲ್ಲ? ಜಾತ್ರೆಯಲ್ಲಿ ಬಲೂನು ಕೊಡಿಸುವಾಗ ನಮಗಾರಿಗಾದರೂ ಹೀಗೆ ಹೊಳೆದೀತೆ?

ಹೊಳೆದರೆ ಸಾಲದು. ಅಂಥ ಬಲೂನು ಎಲ್ಲಿಯೂ ಮಾರಾಟಕ್ಕಿರಲಿಲ್ಲ. ಸೆರ್ಬಿನೆಂಕೋ ತಾವೇ ತಯಾರಿಸಿದರು. ತೆಳು ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ರಕ್ತದ ಹರಿವಿನ ಜೊತೆಗೇ ಒಯ್ದು, ಬೇಕಾದ ಜಾಗದಲ್ಲಿ ಉಬ್ಬಿಸಿ, ಅಲ್ಲೇ ಬಿಡಿಸಿ ಬರುವುದು. 1974ರಲ್ಲಿ ಅವರು ಅಮೆರಿಕದ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದಾಗ ಆ ಹೊತ್ತಿಗಾಗಲೇ 300ಕ್ಕೂ ಹೆಚ್ಚು ರೋಗಿಗಳಲ್ಲಿ ಬಲೂನು ನಳಿಕೆ ಬಳಸಿದ್ದರು. ಜಗತ್ತಿನ ಬೇರೆ ಬೇರೆ ದೇಶಗಳ ವೈದ್ಯರು ಮಾಸ್ಕೋ ಕಡೆ ನೋಡಿದರು.

ಆದರೆ ಬಲೂನಿಗೂ ಕೊರತೆ ಇತ್ತು. ಬಲೂನು ತನ್ನ ಆಕಾರದಲ್ಲೇ ಊದಿಕೊಳ್ಳುತ್ತದೆ, ಉಬ್ಬು ಹೇಗೆ ಬೇಕೋ ಹಾಗೆ ಅಂಕುಡೊಂಕಾಗಿರುತ್ತದೆ. ಬಲೂನು ತೆಳುವಾದ ಗೋಡೆಯನ್ನು ಒತ್ತಿದರೆ ಉಬ್ಬೇ ಒಡೆಯಬಹುದು. ಕಾಲ ಕಳೆದಂತೆ ಗಾಳಿ ಹೋದ ಬಲೂನಿನಂತೆ ಅದು ಕುಗ್ಗಲೂಬಹುದು. ಉಬ್ಬಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುವ, ಒತ್ತಡ ಹಾಕದ ವಸ್ತು ಬೇಕಿತ್ತು.

ತುಂಡಾದ ತಂತಿಯ ಪಾಠ

ಆ ವಸ್ತು ಸಿಕ್ಕಿದ್ದು ಒಂದು ಅಚಾತುರ್ಯದಿಂದ.

ಇಟಲಿಯ ಗ್ವಿಡೋ ಗುಲಿಯೆಲ್ಮಿ ರೋಮ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಜೊತೆಗೆ ವಿದ್ಯುತ್ ವಿಷಯದಲ್ಲೂ ಆಸಕ್ತಿ ಇದ್ದವರು. 1980ರ ದಶಕದ ಮೊದಲಲ್ಲಿ ಮೊಲದ ರಕ್ತನಾಳದಲ್ಲಿ ಉಬ್ಬು ಮಾಡಿ, ಅದರೊಳಗೆ ಲೋಹದ ತಂತಿ ಇಟ್ಟು, ಸಣ್ಣ ಕರೆಂಟ್ ಹರಿಸಿ ರಕ್ತ ಹೆಪ್ಪುಗಟ್ಟಿಸುವ ಪ್ರಯೋಗ ಮಾಡುತ್ತಿದ್ದರು. ಒಂದು ಸಲ ಕರೆಂಟ್ ಹರಿಯುತ್ತಿದ್ದಂತೆ ತಂತಿಯ ತುದಿ ಕರಗಿ ತುಂಡಾಗಿ ಉಬ್ಬಿನೊಳಗೇ ಉಳಿದುಬಿಟ್ಟಿತು. ಟ್ರ್ಯಾಕ್ಟರ್ ಬ್ಯಾಟರಿಯ ಟರ್ಮಿನಲ್ ತಿಂದುಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥದೇ ಕೆಲಸ.

ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಎಂದು ಬದಿಗಿಡುತ್ತಿದ್ದರು. ಗುಲಿಯೆಲ್ಮಿ ಅದನ್ನು ನೆನಪಿನಲ್ಲಿಟ್ಟುಕೊಂಡರು. 1989ರಲ್ಲಿ ಅವರು ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಫರ್ನಾಂಡೋ ವಿನ್ಯುಯೆಲಾ ಎಂಬ ವೈದ್ಯರೂ ಇವಾನ್ ಸೆಪೆಟ್ಕಾ ಎಂಬ ಎಂಜಿನಿಯರೂ ಜೊತೆಯಾದರು. ಮೂವರೂ ಸೇರಿ ಆ ಅಚಾತುರ್ಯವನ್ನೇ ಸಾಧನ ಮಾಡಿದರು.

ಸಾಧನ ಹೀಗಿದೆ. ತಲೆಗೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮೆತ್ತನೆಯ ಕಾಯಿಲ್ ಮಾಡಿರುತ್ತಾರೆ. ಪಂಪ್‌ಸೆಟ್ ಮೋಟಾರಿನ ಕಾಯಿಲ್ ನೋಡಿದ್ದೀರಲ್ಲ, ಅದರ ಮರಿಮಗು ಎನ್ನಿ. ಇದನ್ನು ಸ್ಟೀಲ್ ತಂತಿಯ ತುದಿಗೆ ಬೆಸೆದಿರುತ್ತಾರೆ. ತೊಡೆಯಿಂದ ಹೋದ ನಳಿಕೆಯ ತುದಿ ಉಬ್ಬಿನ ಬಾಯಿಗೆ ಬಂದ ಮೇಲೆ ಕಾಯಿಲ್ ಅನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತಾರೆ. ಅದು ಉಂಡೆಯಂತೆ ಸುತ್ತಿಕೊಂಡು ಉಬ್ಬಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಸರಿಯಾಗಿ ಕೂರದಿದ್ದರೆ ವಾಪಸ್ ಎಳೆದುಕೊಂಡು ಮತ್ತೆ ಕೂರಿಸಬಹುದು. ಸರಿ ಕೂತಿತು ಎಂದಾದ ಮೇಲೆ ಸಣ್ಣ ಕರೆಂಟ್. ಬೆಸುಗೆಯ ಬಳಿ ಸ್ಟೀಲ್ ಕರಗುತ್ತದೆ, ಪ್ಲಾಟಿನಂ ಕರಗುವುದಿಲ್ಲ. ಕಾಯಿಲ್ ಅಲ್ಲೇ ಉಳಿಯುತ್ತದೆ, ತಂತಿ ಹೊರಬರುತ್ತದೆ. ಹೀಗೆ ಒಂದರ ನಂತರ ಒಂದು ಕಾಯಿಲ್ ತುಂಬಿಸುತ್ತಾರೆ. ಒತ್ತಾಗಿ ತುಂಬಿದರೂ ಉಬ್ಬಿನ ಜಾಗದಲ್ಲಿ ಲೋಹ ಹಿಡಿಯುವುದು ಸುಮಾರು ಕಾಲು ಭಾಗ. ಉಳಿದದ್ದು ಹೆಪ್ಪುಗಟ್ಟಿದ ರಕ್ತ.

1990ರ ಮಾರ್ಚ್‌ನಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. 1995ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. 1864ರ 26 ಗಜ ಕಬ್ಬಿಣದ ತಂತಿ ಕೊನೆಗೂ ತನ್ನ ಸರಿಯಾದ ರೂಪ ಕಂಡಿತ್ತು.

ಕ್ಲಿಪ್ಪೋ, ಕಾಯಿಲ್ಲೋ?

ಹೊಸದು ಬಂದ ಮಾತ್ರಕ್ಕೆ ಹಳೆಯದು ಸೋತಿತು ಎನ್ನಲಾಗದು. ತಲೆ ತೆರೆದು ಕ್ಲಿಪ್ ಹಾಕುವ ಸರ್ಜನ್‌ಗಳಿಗೆ ಅನುಮಾನ ಇತ್ತು. ನಮ್ಮ ಮಾವನ ಅನುಮಾನದ ಹಾಗೆಯೇ ಎನ್ನಿ. ಹೊರಗಿನಿಂದ ಕಣ್ಣಾರೆ ಕಂಡು ಬಿಗಿದ ಕ್ಲಿಪ್ಪಿಗೂ, ಒಳಗೆಲ್ಲೋ ತುಂಬಿಸಿದ ತಂತಿಗೂ ಸಮವೇ?

ಉತ್ತರಕ್ಕಾಗಿ ಆಕ್ಸ್‌ಫರ್ಡಿನ ಆಂಡ್ರ್ಯೂ ಮಾಲಿನ್ಯೂ, ರಿಚರ್ಡ್ ಕರ್ ಮತ್ತಿತರರು ದೊಡ್ಡ ಪರೀಕ್ಷೆಯನ್ನೇ ನಡೆಸಿದರು. ಬ್ರಿಟನ್, ಯುರೋಪ್ ಮೊದಲಾದ ಕಡೆ ಉಬ್ಬು ಒಡೆದಿದ್ದ 2,143 ರೋಗಿಗಳು. ಎರಡೂ ವಿಧಾನ ಹೊಂದುವಂಥವರನ್ನೇ ಆರಿಸಿ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಫಲಿತಾಂಶ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ನಂತರ ಸತ್ತವರು ಅಥವಾ ಬೇರೆಯವರ ಆಸರೆ ಇಲ್ಲದೆ ಬದುಕಲಾಗದವರು ಕ್ಲಿಪ್ ಹಾಕಿದ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಹಾಕಿದ ಗುಂಪಿನಲ್ಲಿ ಸುಮಾರು 24. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಮಧ್ಯದಲ್ಲೇ ನಿಲ್ಲಿಸಿದರು.

ಆ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಒಳ್ಳೆಯ ಚಿಕಿತ್ಸೆ ಸಿಕ್ಕ ಮೇಲೂ ನಾಲ್ವರಲ್ಲಿ ಒಬ್ಬರು ಮೊದಲಿನ ಬದುಕಿಗೆ ಮರಳಲಿಲ್ಲ. ಕಾಯಿಲ್ ಮುಂದಿನ ಒಡೆತವನ್ನು ತಡೆಯುತ್ತದೆ, ಆಗಲೇ ಆದ ಹಾನಿಯನ್ನು ಅಳಿಸುವುದಿಲ್ಲ. ಕ್ಲಿಪ್ ಕೂಡ ಮೂಲೆಗೆ ಸರಿದಿಲ್ಲ. ಕೆಲವು ಜಾಗದ, ಕೆಲವು ಆಕಾರದ ಉಬ್ಬಿಗೆ ಇಂದಿಗೂ ಅದೇ ಸರಿ. ಅದು ಹೆಚ್ಚು ಕಾಲ ಬಿಗಿಯಾಗಿಯೂ ಇರುತ್ತದೆ. ಕಾಯಿಲ್ ಕೆಲವರಲ್ಲಿ ಕಾಲ ಕಳೆದಂತೆ ಒತ್ತಿಕೊಂಡು ಜಾಗ ಬಿಡುತ್ತದೆ. ಹಾಗಾಗಿಯೇ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಬಂದು ತೋರಿಸಿ ಎನ್ನುವುದು.

ಸ್ಟೆಂಟ್ ಎಂಬ ತಡಿಕೆ

ಇನ್ನೊಂದು ತೊಡಕು ಉಳಿದಿತ್ತು. ಉಬ್ಬಿನ ಬಾಯಿ ಕಿರಿದಾಗಿದ್ದರೆ ಕಾಯಿಲ್ ಒಳಗೇ ನಿಲ್ಲುತ್ತದೆ. ಬಾಯಿ ಅಗಲವಾಗಿದ್ದರೆ? ಅಗಲ ಬಾಯಿಯ ಬುಟ್ಟಿಯನ್ನು ಅಡ್ಡ ಹಿಡಿದರೆ ಕಾಳು ಸುರಿದುಹೋಗುವ ಹಾಗೆ ಕಾಯಿಲ್ ಜಾರಿ ಮೂಲ ನಾಳಕ್ಕೇ ಬಂದುಬಿಡುತ್ತದೆ. ಆಗ ಮೆದುಳಿಗೆ ಹೋಗುವ ರಕ್ತವೇ ಕಟ್ಟಿ ಲಕ್ವ ಹೊಡೆಯಬಹುದು.

ಬಾಯಿಗೆ ಅಡ್ಡಲಾಗಿ ಜಾಲರಿ ಇಡಬೇಕು. ಜಾಲರಿ ಹೃದಯದವರ ಬಳಿ ಇತ್ತು. 1986ರಲ್ಲಿ ಫ್ರಾನ್ಸಿನ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡಿನ ಉಲ್ರಿಕ್ ಸಿಗ್ವಾರ್ಟ್ ಅವರಿಂದ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು ಶುರುವಾಗಿತ್ತು. 1997ರಲ್ಲಿ ಅಮೆರಿಕದ ರಾಂಡಲ್ ಹಿಗಾಶಿಡಾ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ಮೆದುಳಿನ ಹಿಂಭಾಗದ ರಕ್ತನಾಳದಲ್ಲಿ ಒಡೆದ ಉಬ್ಬಿಗೆ ಮೊದಲು ಸ್ಟೆಂಟ್ ಇಟ್ಟು, ಅದರ ಕಿಂಡಿಯಿಂದ ಕಾಯಿಲ್ ತುಂಬಿದ್ದರು.

ಹೃದಯದ ಸ್ಟೆಂಟ್ ಗಡಸು, ಮೆದುಳಿನ ದಾರಿಯೋ ಘಟ್ಟದ ರಸ್ತೆಯಂತೆ ತಿರುವು ತಿರುವು. ಬಾಗುವ ಲೋಹ ಬೇಕಿತ್ತು. ನಿಟಿನಾಲ್ ಎಂಬ ಲೋಹ ಮೊದಲೇ ಇತ್ತು, ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಇದು ಎಷ್ಟು ಮಡಚಿದರೂ ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ನಳಿಕೆಯೊಳಗೆ ಮುದುಡಿಕೊಂಡು ಹೋಗಿ, ಹೊರಬಂದ ಕೂಡಲೇ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮೆದುಳಿಗೆಂದೇ ಮಾಡಿದ ಇಂಥ ಸ್ಟೆಂಟಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಅಕ್ಕನ ತಲೆಯಲ್ಲಿರುವುದು ಈ ಬಗೆಯ ಸ್ಟೆಂಟ್ ಮತ್ತು ಅದರ ಹಿಂದೆ ತುಂಬಿದ ಕಾಯಿಲ್.

ಮುಂದೆ ಕಾಯಿಲ್ ಇಲ್ಲದೆಯೂ ಸಾಧ್ಯ ಎಂದು ತೋರಿಸುವ ಸ್ಟೆಂಟ್ ಬಂತು. ಹರಿವು ತಿರುಗಿಸುವ ಸ್ಟೆಂಟ್, ಅಂದರೆ ಫ್ಲೋ ಡೈವರ್ಟರ್. ಇದರ ನೇಯ್ಗೆ ಬಲು ಒತ್ತು. ಪೈಪ್‌ಲೈನ್ ಎಂಬ ಸ್ಟೆಂಟಿನಲ್ಲಿ 48 ಎಳೆಗಳಿವೆ. ಕಾಲುವೆಯ ಬದಿ ಕೊರೆದು ಗುಂಡಿ ಬಿದ್ದಿದೆ ಎಂದುಕೊಳ್ಳಿ. ಗುಂಡಿಯ ಬಾಯಿಗೆ ಒತ್ತಾದ ತಡಿಕೆ ಕಟ್ಟಿದರೆ ನೀರು ನೇರ ಹೋಗುತ್ತದೆ, ಗುಂಡಿಯಲ್ಲಿ ನಿಂತ ನೀರು ಹೂಳು ಕಟ್ಟಿ ಮುಚ್ಚಿಹೋಗುತ್ತದೆ. ಉಬ್ಬಿನಲ್ಲೂ ಹಾಗೆಯೇ. ರಕ್ತ ನಿಧಾನವಾಗಿ ಹೆಪ್ಪುಗಟ್ಟಿ, ತಿಂಗಳುಗಳು ಕಳೆದಂತೆ ತಡಿಕೆಯ ಮೇಲೆ ಹೊಸ ಒಳಪದರ ಬೆಳೆಯುತ್ತದೆ. 2006ರಲ್ಲಿ ಅರ್ಜೆಂಟೀನಾದಲ್ಲಿ ಪೆಡ್ರೋ ಲಿಲಿಕ್ ಇದನ್ನು ಮೊದಲು ರೋಗಿಗೆ ಇಟ್ಟರು. 2011ರಲ್ಲಿ ಅಮೆರಿಕ ಒಪ್ಪಿತು.

ಮಾವನಿಗೆ ಉತ್ತರ

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಡೆಂಗ್ಯೂ ಬಂದಾಗ ಎಣಿಸುತ್ತಾರಲ್ಲ, ಆ ಪ್ಲೇಟ್‌ಲೆಟ್‌ಗಳ ಕೆಲಸವೇ ಹೊರಗಿನ ವಸ್ತು ಕಂಡರೆ ಅಂಟಿಕೊಂಡು ಹೆಪ್ಪು ಕಟ್ಟುವುದು. ಕಾಯಿಲ್ ಉಬ್ಬಿನೊಳಗಿದೆ, ಅಲ್ಲಿ ಹೆಪ್ಪುಗಟ್ಟಬೇಕು. ಸ್ಟೆಂಟ್ ಮಾತ್ರ ರಕ್ತ ಹರಿಯುವ ಮೂಲ ನಾಳದಲ್ಲಿದೆ, ಅಲ್ಲಿ ಹೆಪ್ಪುಗಟ್ಟಬಾರದು. ಸ್ಟೆಂಟಿನ ಮೇಲೆ ನಮ್ಮದೇ ದೇಹದ ಪದರ ಬೆಳೆಯುವವರೆಗೂ ಆ ಲೋಹಕ್ಕೆ ಕಾವಲು ಈ ಮಾತ್ರೆಗಳೇ. ಸಾಮಾನ್ಯವಾಗಿ ಕೆಲವು ತಿಂಗಳು ಎರಡು ಬಗೆ, ಆಮೇಲೆ ಒಂದು. ಎಷ್ಟು ಕಾಲ ಎಂದು ಡಾಕ್ಟರೇ ಹೇಳಬೇಕು. ಹಲ್ಲು ಕೀಳಿಸುವಾಗಲೂ ಅವರನ್ನು ಕೇಳದೆ ನಿಲ್ಲಿಸಬಾರದು. ಮುಂದೆ ಯಾವ ಸ್ಕ್ಯಾನ್ ಮಾಡಿಸುವಾಗಲೂ ಡಿಸ್ಚಾರ್ಜ್ ಚೀಟಿ ತೋರಿಸಬೇಕು.

ದುಡ್ಡಿನ ಮಾತಿನಲ್ಲಿ ಮಾವನ ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ. ಹರಿವು ತಿರುಗಿಸುವ ಸ್ಟೆಂಟ್ ಒಂದಕ್ಕೇ ಹೊರದೇಶದಿಂದ ತರಿಸಿದರೆ ಲಕ್ಷಗಟ್ಟಲೆ ರೂಪಾಯಿ. ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮಲ್ಲೇ ಇಂಥ ಸ್ಟೆಂಟ್ ನೇಯುವ ತಂತ್ರ ರೂಪಿಸಿದೆ ಎಂದು 2020ರಲ್ಲಿ ಸುದ್ದಿಯಾಯಿತು. ಅದಕ್ಕೆ ನಿಟಿನಾಲ್ ಲೋಹ ಒದಗಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ವಿಮಾನಗಳಿಗಾಗಿ ಕೆಲಸ ಮಾಡುವ ಸಂಸ್ಥೆ. ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ ಆಗಬೇಕು ಎಂದು ಆಗ ಹೇಳಿದ್ದರು. ಇಂಥ ಸ್ಟೆಂಟ್ ಇಲ್ಲೇ ತಯಾರಾದರೆ ಬೆಲೆ ಇಳಿಯುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡ್ ಇದ್ದವರು ಆಂಬುಲೆನ್ಸ್ ಹತ್ತುವಾಗಲೇ ಅದನ್ನೂ ರೆಫರಲ್ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ನಿಮ್ಹಾನ್ಸ್ ಎಂದರೆ ಮಾನಸಿಕ ರೋಗಕ್ಕೆ ಮಾತ್ರ ಎಂದು ಹಿಂಜರಿಯುವವರು ಇನ್ನೂ ಇದ್ದಾರೆ. ಹಾಗಲ್ಲ. ರಕ್ತನಾಳದೊಳಗಿನಿಂದ ಚಿಕಿತ್ಸೆ ಮಾಡುವ ವಿಭಾಗವೂ ಅಲ್ಲಿದೆ.

ಇನ್ನೊಂದು ಮಾತು. ತಲೆನೋವು ಎಲ್ಲರಿಗೂ ಬರುತ್ತದೆ, ಬಹುತೇಕ ಯಾವುದೂ ಇದಲ್ಲ. ಆದರೆ ಜೀವಮಾನದಲ್ಲಿ ಕಾಣದಂಥ ನೋವು ಸಿಡಿಲಿನಂತೆ ಒಂದೇ ಏಟಿಗೆ ಬಂದರೆ, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ರೆಪ್ಪೆ ಇಳಿಯುವುದು, ಎರಡೆರಡು ಕಾಣುವುದು, ಎಚ್ಚರ ತಪ್ಪುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಬೀಡಿ ಸಿಗರೇಟು ಸೇದುವವರಿಗೆ, ಬಿಪಿ ಮಾತ್ರೆ ಬಿಟ್ಟವರಿಗೆ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿದ್ದವರಿಗೆ ಅಪಾಯ ಹೆಚ್ಚು.

ಇಷ್ಟನ್ನೂ ಮಾವನಿಗೆ ಕಟ್ಟೆಯ ಮೇಲೆ ಕೂತು ಹೇಳಿದೆವು. ಕಾಲಿನ ಮಾಂಸ ಒತ್ತಿ 12 ನಿಮಿಷ ನಿಂತ ಡಾಕ್ಟರ ಕಥೆ ಅವರಿಗೆ ಹಿಡಿಸಿತು. ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಅವತ್ತು ಆ ಇಂಜೆಕ್ಷನ್ ಹಾಕಿಸ್ಕೊಂಡು ಮನೇಲಿ ಮಲಗಿಸಿದ್ವಲ್ಲ, ಆ ರಾತ್ರಿ ಮತ್ತೆ ಒಡೆದಿದ್ರೆ?" ಎಂದು ಕೇಳಿದರು. ನಮ್ಮ ಬಳಿ ಹೇಳಲು ಏನೂ ಇರಲಿಲ್ಲ. ಮಾವನೂ ಮತ್ತೆ ಕೇಳಲಿಲ್ಲ.

ಅಕ್ಕನ ಎಡರೆಪ್ಪೆ ಈಗಲೂ ಸ್ವಲ್ಪ ಇಳಿದಂತೆಯೇ ಇದೆ. ಮಾತ್ರೆಯ ಡಬ್ಬಿ ದೇವರ ಗೂಡಿನ ಪಕ್ಕದಲ್ಲಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ "ಗುಳಿಗೆ ತಗೊಂಡ್ಯೇನವ್ವಾ?" ಎಂದು ದಿನಾ ಕೇಳುವವರು ಈಗ ಮಾವನೇ.